ಹತ್ತು ದಿನದ ಚೀಟಿ

ಹೂವು ಗೇಟು ದಾಟುವ ತನಕ ಆ ಮನೆಯಲ್ಲಿ ಯಾರೂ ತಿಂಡಿ ಮುಟ್ಟುವ ಹಾಗಿರಲಿಲ್ಲ. ಶಂಕರಪುರದ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಬೆಳಗ್ಗೆ ಹೊಟ್ಟೆಗಿಂತ ಹೂವಿಗೆ ಅವಸರ ಹೆಚ್ಚು. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ಯಬೇಕು, ಬಾಳೆ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಬೇಕು, ಒಂಬತ್ತೂವರೆಯೊಳಗೆ ಏಜೆಂಟರು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ತಡವಾದರೆ ಮೊಗ್ಗು ಬಿರಿಯುತ್ತದೆ, ಬಿರಿದ ಹೂವನ್ನು ಏಜೆಂಟರು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಮೊದಲು ಹೂವು, ಆಮೇಲೆ ಮನುಷ್ಯರು. ಈ ಕಟ್ಟಳೆ ಮಾಡಿದ್ದು ಇಮೆಲ್ಡಾಳ ಅತ್ತೆ ಸೆಲೀನ್. ಅವಳು ಸತ್ತು ಹದಿನಾಲ್ಕು ವರ್ಷವಾದರೂ ಕಟ್ಟಳೆ ಸಾಯಲಿಲ್ಲ.

ಈಗ ಮನೆಯಲ್ಲಿ ಐದು ಜನ. ಇಮೆಲ್ಡಾಳಿಗೆ ಅರವತ್ತಮೂರು. ಗಂಡ ಮೌರಿಸ್ ಬಹರೈನಿನ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವನು, ಈಗ ಪೇಪರು ಓದುವುದನ್ನೇ ದೊಡ್ಡ ಉದ್ಯೋಗ ಮಾಡಿಕೊಂಡಿದ್ದಾನೆ. ಮಗ ಕಾರ್ಲ್ಟನ್ ಕಟಪಾಡಿಯ ಫರ್ನಿಚರ್ ಅಂಗಡಿಯ ಟೆಂಪೋ ಓಡಿಸುತ್ತಾನೆ. ಸೊಸೆ ರೀನಾ ಉಡುಪಿಯ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುತ್ತಾಳೆ. ಮೊಮ್ಮಗಳು ಶಾರ್ಲೆಟ್ ಏಳನೇ ಕ್ಲಾಸು. ಹೂವು ಕಟ್ಟಲು ಇಮೆಲ್ಡಾಳ ಜೊತೆ ಕೂರುವವಳು ನೆರೆಮನೆಯ ಸರಸ.

ಇಮೆಲ್ಡಾಳ ದಿನ ಶುರುವಾಗುವುದು ಒಂದು ಲೋಟ ಕಪ್ಪು ಕಾಫಿ ಮತ್ತು ಒಂದು ಕೇಸರಿ ಬಣ್ಣದ ಮಾತ್ರೆಯಿಂದ. ಐದು ವರ್ಷದ ಹಿಂದೆ ಅವಳ ಬೆರಳಿನ ಗಂಟುಗಳು ಊದಿ, ನಾರು ಹಿಡಿಯಲೂ ಆಗದೆ ಹೋದಾಗ ಉಡುಪಿಯ ಡಾಕ್ಟರೊಬ್ಬರು ಚೀಟಿ ಬರೆದುಕೊಟ್ಟಿದ್ದರು. ದಿನಕ್ಕೆ ಎರಡು, ಊಟದ ನಂತರ, ಹತ್ತು ದಿನ, ಮತ್ತೆ ಬಂದು ತೋರಿಸಬೇಕು. ಮೂರನೇ ದಿನಕ್ಕೇ ಬೆರಳು ಮಡಚಲು ಬಂತು. ಗುಣವಾದ ಕೈಯನ್ನು ಬಸ್ಸಿಗೆ ದುಡ್ಡು ಕೊಟ್ಟು ತೋರಿಸಲು ಹೋಗುವವರು ಯಾರು? ಇಮೆಲ್ಡಾ ಹೋಗಲಿಲ್ಲ. ಚೀಟಿಯನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿದಳು. ಸೋಮವಾರ ಸೋಮವಾರ ಮೌರಿಸ್ ಅದನ್ನು ಹಿಡಿದುಕೊಂಡು ಮೆಡಿಕಲಿಗೆ ಹೋಗುತ್ತಿದ್ದ. ಮೊದಲ ವರ್ಷ ಅಂಗಡಿಯವನು ಚೀಟಿ ಬಿಡಿಸಿ ನೋಡುತ್ತಿದ್ದ. ಆಮೇಲೆ ಮೌರಿಸನ ಮುಖ ನೋಡಿದರೆ ಸಾಕು, ಎರಡು ಸ್ಟ್ರಿಪ್ಪು ಮೇಜಿನ ಮೇಲೆ ಬರುತ್ತಿತ್ತು.

ಒಮ್ಮೆ ಶಾರ್ಲೆಟ್ ಆ ಚೀಟಿ ಓದಿ, “ಇದರಲ್ಲಿ ಟೆನ್ ಡೇಸ್ ಅಂತ ಉಂಟಲ್ಲ ಗ್ರ್ಯಾನಿ?” ಎಂದು ಕೇಳಿದ್ದಳು.

“ಹೌದು. ಹತ್ತು ದಿನ ಆದ ಮೇಲೆ ಪುನಃ ಹತ್ತು ದಿನ,” ಎಂದಳು ಇಮೆಲ್ಡಾ. ಎಲ್ಲರೂ ನಕ್ಕರು. ರೀನಾ ಕೂಡ ನಕ್ಕಿದ್ದಳು.

ಊಟದ ನಂತರ ಎಂಬುದು ಹೂವಿನ ಮನೆಯಲ್ಲಿ ಆಗದ ಮಾತು. ಊಟ ಆಗುವ ಹೊತ್ತಿಗೆ ಕೈಯ ಕೆಲಸವೇ ಮುಗಿದಿರುತ್ತದೆ. ನೀರಂತೂ ಇಮೆಲ್ಡಾ ಬೆಳಗ್ಗೆ ಮುಟ್ಟುತ್ತಿರಲಿಲ್ಲ. ಚಾಪೆಯಲ್ಲಿ ಕೂತ ಮೇಲೆ ಮಧ್ಯೆ ಏಳುವುದೆಂದರೆ ಮೊಣಕಾಲು ಹಿಡಿದುಕೊಂಡು ಅಂಗಳ ದಾಟಿ ಪಾಯಿಖಾನೆಗೆ ಹೋಗಬೇಕು, ಅಷ್ಟರಲ್ಲಿ ನೂರು ಮೊಗ್ಗು ಕಟ್ಟಬಹುದು ಎಂಬುದು ಅವಳ ಲೆಕ್ಕ.

ಫೆಬ್ರವರಿ ಮುಗಿಯುವಾಗ ಅವಳ ಪಾದ ಊದಿತು.

“ಮಾಂಯ್, ಚಪ್ಪಲಿಯ ಪಟ್ಟಿಯದ್ದು ನಿಮ್ಮ ಕಾಲಲ್ಲಿ ಅಚ್ಚು ಬಿದ್ದಿದೆ, ನೋಡಿ,” ಎಂದಳು ರೀನಾ. ಕೊಂಕಣಿ ಸೊಸೆಯರು ಅತ್ತೆಯನ್ನು ಹಾಗೇ ಕರೆಯುವುದು.

“ಕೈಯ ವಾತ ಕಾಲಿಗೆ ಇಳಿದದ್ದು. ನನಗೆ ಗೊತ್ತುಂಟು.”

“ಬೆರಳಲ್ಲಿ ಒತ್ತಿದರೆ ಗುಂಡಿ ಬಿದ್ದು ಹಾಗೇ ನಿಲ್ತದೆ. ವಾತಕ್ಕೆ ಹಾಗೆ ಆಗ್ತದಾ? ಒಮ್ಮೆ ಡಾಕ್ಟರಿಗೆ ತೋರಿಸುವಾ.”

“ನೀನು ಕೆಲಸಕ್ಕೆ ಹೋಗುದು ಸೀರೆ ಅಂಗಡಿಗಾ, ಆಸ್ಪತ್ರೆಗಾ?”

ಬೆಳಗ್ಗೆ ಒಂದು, ರಾತ್ರಿ ಒಂದು ಇದ್ದ ಮಾತ್ರೆ ಅಂದಿನಿಂದ ಮಧ್ಯಾಹ್ನಕ್ಕೂ ಒಂದಾಯಿತು. ಊತ ಹೆಚ್ಚಾದರೆ ಮಾತ್ರೆಯೂ ಹೆಚ್ಚಬೇಕು, ಇಮೆಲ್ಡಾಳಿಗೆ ಇದು ಎರಡೂ ಎರಡೂ ನಾಲ್ಕು ಎಂಬಷ್ಟು ಸರಳವಾಗಿತ್ತು. ಮೌರಿಸ್ ಎರಡು ಸ್ಟ್ರಿಪ್ಪಿನ ಬದಲು ಮೂರು ತಂದ.

ಮಾರ್ಚಿನ ಒಂದು ರಾತ್ರಿ ಬೂತಾಯಿ ಮೀನಿನ ಸಾರು. ಇಮೆಲ್ಡಾ ಎರಡು ತುತ್ತು ತಿಂದು ಬಟ್ಟಲು ದೂಡಿದಳು.

“ಎಂತ ಆಯ್ತು ಮಮ್ಮಿ?” ಎಂದ ಕಾರ್ಲ್ಟನ್.

“ಬಾಯಿಗೆ ರುಚಿಯೇ ಇಲ್ಲ ಮಾರಾಯ. ಕಬ್ಬಿಣ ನೆಕ್ಕಿದ ಹಾಗೆ ಆಗ್ತದೆ.”

“ಸಾಕು ಇನ್ನು ಈ ಹೂವಿನ ಕೆಲಸ. ಗಿಡ ತೆಗೆದು ಬಿಡುವಾ.”

“ತೆಗಿ. ಗಿಡ ತೆಗೆದು ನನ್ನನ್ನು ಎಲ್ಲಿ ಕೂರಿಸ್ತಿ? ಹಿಂದಿನ ಜಗಲಿಯಲ್ಲಾ?”

ಹಿಂದಿನ ಜಗಲಿ ಎಂದರೆ ಎಲ್ಲರಿಗೂ ಗೊತ್ತು. ಸೆಲೀನ್ ಕೈಕಾಲು ಸೋತ ಮೇಲೆ ಒಂಬತ್ತು ವರ್ಷ ಅಲ್ಲೇ ಕೂತಿದ್ದಳು. ಅವಳ ಮುಂದೆ ಬಟ್ಟಲನ್ನು ಸದ್ದು ಮಾಡಿ ಇಡುತ್ತಿದ್ದವಳು ಇದೇ ಇಮೆಲ್ಡಾ. “ಕೂತು ತಿನ್ನುವವರಿಗೆ ಮೀನಿನ ನಡುತುಂಡು ಯಾಕೆ?” ಎಂದು ಕೇಳಿಸುವ ಹಾಗೆಯೇ ಹೇಳುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಕಾಲ ತನ್ನ ಬಾಗಿಲಿಗೆ ಬಂದೀತೆಂಬ ಹೆದರಿಕೆ ಇಮೆಲ್ಡಾಳಿಗೆ ಬೆರಳಿನ ನೋವಿಗಿಂತ ದೊಡ್ಡದಾಗಿತ್ತು. ಅವಳು ಕಟ್ಟಿದ ಹೂವಿನ ಚೆಂಡನ್ನು ಏಜೆಂಟರು ಮೊಗ್ಗು ಎಣಿಸದೆ ತೆಗೆದುಕೊಳ್ಳುತ್ತಿದ್ದರು. ಅಷ್ಟು ಮರ್ಯಾದೆ ಅವಳಿಗೆ ಗಂಡನಿಂದಲೂ ಸಿಕ್ಕಿರಲಿಲ್ಲ.

“ನಾನು ಕಟ್ತೇನಲ್ಲ ಮಾಂಯ್, ಕೆಲಸಕ್ಕೆ ಹೋಗುವ ಮೊದಲು,” ಎಂದಳು ರೀನಾ.

“ನೀನು ಕಟ್ಟಿದ್ದು ಕಟಪಾಡಿ ಮುಟ್ಟುವ ಮೊದಲೇ ಬಿಚ್ಚಿ ಹೋಗ್ತದೆ.”

ಮೌರಿಸ್ ಬಾಯಿ ಒರೆಸಿಕೊಂಡು, “ಆಯ್ತಲ್ಲ, ಊಟ ಮಾಡಿ,” ಎಂದ. ಜಗಳದಲ್ಲಿ ಅವನು ಆಡುವ ಮಾತು ಅದೊಂದೇ.

ಈಸ್ಟರಿಗೆ ಎರಡು ವಾರ ಇರುವಾಗ ಇಗರ್ಜಿಯ ಹಾಲಿನಲ್ಲಿ ಆರೋಗ್ಯ ಶಿಬಿರ ನಡೆಯಿತು. ಭಾನುವಾರದ ಪೂಜೆ ಮುಗಿಸಿ ಎಲ್ಲರೂ ಸಾಲು ನಿಂತರು. ಹೆಸರು ಬರೆಯುತ್ತಿದ್ದವಳು ವಿಲ್ಮಾ, ಅದೇ ವಾರ್ಡಿನ ನರ್ಸು.

“ದಿನಾ ಮಾತ್ರೆ ಎಂತಾದರೂ ಉಂಟಾ ಇಮೆಲ್ಡಾಬಾಯಿ?”

“ಬಿಪಿಯದ್ದು ಒಂದು.”

“ಬೇರೆ?”

“ಬೇರೆ ಎಂತದೂ ಇಲ್ಲ.”

ಅವಳು ಸುಳ್ಳು ಹೇಳಲಿಲ್ಲ. ಪೂಜೆ ಕೇಳಿ ಬಂದ ಬಾಯಲ್ಲಿ ಸುಳ್ಳು ಹೇಳುವ ಹೆಂಗಸೇ ಅಲ್ಲ ಅದು. ಬಿಪಿಯದ್ದು ಮದ್ದು, ಕೇಸರಿ ಮಾತ್ರೆ ಕೈಗೆ ಹಾಕುವ ಎಣ್ಣೆಯ ಹಾಗೆ. ಅದನ್ನು ಮದ್ದಿನ ಲೆಕ್ಕಕ್ಕೆ ಸೇರಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ರಕ್ತ ತೆಗೆದರು, ಒಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಮುಂದಿನ ಭಾನುವಾರ ವರದಿ ತೆಗೆದುಕೊಂಡದ್ದು ಮೌರಿಸ್. ಕ್ರಿಯೇಟಿನಿನ್ ಮೂರು ಪಾಯಿಂಟ್ ಒಂದು ಎಂದು ಬರೆದು ಅಡಿಗೆರೆ ಎಳೆದಿದ್ದರು. “ಮೌರಿಸಬಾ, ಇದು ಕಿಡ್ನಿಯ ಲೆಕ್ಕ, ಒಂದರ ಹತ್ತಿರ ಇರಬೇಕಾದದ್ದು. ಈ ವಾರವೇ ಮಣಿಪಾಲಕ್ಕೆ ಕರ್ಕೊಂಡು ಹೋಗಿ,” ಎಂದು ವಿಲ್ಮಾ ಎರಡು ಸಲ ಹೇಳಿದಳು. ಮೌರಿಸ್ ಮನೆಗೆ ಬಂದು ಹೆಂಡತಿಗೆ ಹೇಳಿದ. ಇಮೆಲ್ಡಾ ಗಿಡಗಳ ಕಡೆ ನೋಡಿದಳು. ಚಳಿಗಾಲದಲ್ಲಿ ಸೊರಗಿದ್ದ ಮಲ್ಲಿಗೆ ಆ ವಾರ ಮೈತುಂಬ ಮೊಗ್ಗು ಬಿಟ್ಟಿತ್ತು, ಮದುವೆಯ ದಿನಗಳು ಬೇರೆ ಶುರುವಾಗಿದ್ದವು.

“ಮಣಿಪಾಲಕ್ಕೆ ಹೋದರೆ ಅವರು ಒಂದೇ ದಿನಕ್ಕೆ ಬಿಡ್ತಾರಾ? ಈ ಸೀಸನ್ ಒಂದು ಹೋಗಲಿ.”

“ವಿಲ್ಮಾ ಈ ವಾರವೇ ಅಂತ ಹೇಳಿದ್ದಾಳೆ.”

“ನನಗೆ ಎಲ್ಲಿ ನೋವುಂಟು? ಕಿಡ್ನಿ ಹಾಳಾದರೆ ನೋವಾಗಬೇಕಲ್ಲ? ರೀನಾಳಿಗೆ ಹೇಳಬೇಡಿ, ಮತ್ತೆ ಭಾಷಣ ಶುರು ಮಾಡ್ತಾಳೆ.”

ಮೌರಿಸ್ ವರದಿಯನ್ನು ಹಳೆಯ ಪೇಪರುಗಳ ನಡುವೆ ಇಟ್ಟ. ಹೆಂಡತಿಯ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ. ಹೂವಿನ ದುಡ್ಡಿಲ್ಲದೆ ಮನೆ ನಡೆಸಿಯೂ ಅಭ್ಯಾಸವಿರಲಿಲ್ಲ. ಸೋಮವಾರ ಎಂದಿನಂತೆ ಮೆಡಿಕಲಿಗೆ ಹೋಗಿ ಮೂರು ಸ್ಟ್ರಿಪ್ಪು ತಂದ.

ಈಸ್ಟರಿನ ದಿನ ಇಮೆಲ್ಡಾ ಹಂದಿ ಮಾಂಸದ ವಾಸನೆಗೇ ವಾಂತಿ ಮಾಡಿದಳು. ಮರುದಿನ ಮತ್ತೆ ಚಾಪೆಯಲ್ಲಿ ಕೂತಳು. ಸರಸ ಅವಳ ಮುಖ ನೋಡಿ, “ಬಾಯಮ್ಮ, ನಿಮ್ಮ ಮುಖವೂ ಊದಿದೆ. ಇವತ್ತು ಮಲಗಿ, ನಾನು ಕಟ್ತೇನೆ,” ಎಂದಳು.

“ಮಲಗಿದರೆ ಕೈ ಹಿಡಿದು ಹೋಗ್ತದೆ ಮಾರಾಯ್ತಿ. ನಿನಗೂ ಒಂದು ಮಾತ್ರೆ ಕೊಡ್ಲಾ? ನಿನ್ನ ಸೊಂಟ ನೋವು ಹೇಗುಂಟು?”

“ನನಗೆ ಬೇಡ. ನಿಮ್ಮದು ನೋಡಿಯೇ ಹೆದರಿಕೆ ಆಗ್ತದೆ.”

ಮೇ ತಿಂಗಳ ಮೊದಲ ವಾರ, ಬೆಳಗಿನ ಎಂಟೂವರೆಯ ಉಡುಪಿ ಬಸ್ಸಿನಲ್ಲಿ ರೀನಾಳ ಪಕ್ಕ ವಿಲ್ಮಾ ಬಂದು ಕೂತಳು. “ಮಾಂಯ್‌ಗೆ ಮಣಿಪಾಲದಲ್ಲಿ ಎಂತ ಹೇಳಿದರು?” ಎಂದು ಕೇಳಿದಳು. ಕಣ್ಣು ಕಣ್ಣು ಬಿಟ್ಟ ರೀನಾ ವರದಿಯ ಕಥೆಯನ್ನೆಲ್ಲ ಅವಳಿಂದಲೇ ಕೇಳಿ ತಿಳಿದಳು. ಮುಂದಿನ ಸ್ಟಾಪಿನಲ್ಲಿ ಇಳಿದು, ಅಂಗಡಿಗೆ ಫೋನ್ ಮಾಡಿ ರಜೆ ಹೇಳಿ, ಎದುರಿನಿಂದ ಬಂದ ಬಸ್ಸು ಹತ್ತಿ ಮನೆಗೆ ವಾಪಸು ಬಂದಳು. ದಾರಿಯಲ್ಲೇ ಗಂಡನಿಗೂ ಫೋನ್ ಮಾಡಿದ್ದಳು. ಹೂವು ಇನ್ನೂ ಗೇಟು ದಾಟಿರಲಿಲ್ಲ.

“ಮಾಂವ್, ರಿಪೋರ್ಟ್ ಎಲ್ಲುಂಟು?”

ಮೌರಿಸ್ ಪೇಪರು ಮಡಚಿದ. “ಯಾವ ರಿಪೋರ್ಟ್?”

“ಐದು ವಾರದಿಂದ ಮುಚ್ಚಿಟ್ಟದ್ದು.”

“ಮುಚ್ಚಿಡಲಿಲ್ಲ. ಸೀಸನ್ ಮುಗಿದ ಮೇಲೆ ಅಂತ ನಿನ್ನ ಮಾಂಯೇ...”

“ಅವರು ಹೇಳಿದರು, ನೀವು ಕೇಳಿದಿರಾ? ಮಾತ್ರೆ ತರಲಿಕ್ಕೆ ಕಾಲು ಉಂಟು, ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಇಲ್ಲ!”

“ಸ್ವರ ತಗ್ಗಿಸು ರೀನಾ,” ಎಂದಳು ಚಾಪೆಯಿಂದ ಇಮೆಲ್ಡಾ. “ಸರಸ ಇದ್ದಾಳೆ.”

“ಇರಲಿ. ಊರೇ ಕೇಳಲಿ. ನೀವು ಸತ್ತರೆ ನಾಳೆ ಊರು ನನ್ನನ್ನೇ ಕೇಳುದು, ಸೊಸೆ ನೋಡ್ಲಿಲ್ವಾ ಅಂತ.”

ಟೆಂಪೋ ನಿಲ್ಲಿಸಿ ಒಳಗೆ ಬಂದ ಕಾರ್ಲ್ಟನ್ ಅಪ್ಪನ ಮುಖಕ್ಕೆ ಬೆರಳು ತೋರಿಸಿ, ಆಡಬಾರದ ಮಾತುಗಳನ್ನೆಲ್ಲ ಆಡಿದ. ಆ ದಿನದ ಹೂವನ್ನು ಕಟ್ಟೆಗೆ ಒಯ್ದದ್ದು ಸರಸ. ಇಮೆಲ್ಡಾ ಟೆಂಪೋ ಹತ್ತುವಾಗಲೂ ಅವಳಿಗೆ ನಾರು ತೇವ ಮಾಡುವುದು ಹೇಗೆಂದು ಹೇಳುತ್ತಿದ್ದಳು.

ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲಿ ಕ್ರಿಯೇಟಿನಿನ್ ಎಂಟರ ಹತ್ತಿರ ಬಂತು. ಎರಡು ಕಿಡ್ನಿಯೂ ಕುಗ್ಗಿವೆ ಎಂದು ಸ್ಕ್ಯಾನಿನಲ್ಲಿ ಕಂಡಿತು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆಲ್ಲಗೆ. “ನೋವಿನ ಮಾತ್ರೆ ಎಂತಾದರೂ ತಗೊಳ್ತೀರಾ ಅಮ್ಮ?” ಎಂದು ಕೇಳಿದರು. ಇಮೆಲ್ಡಾ ಪರ್ಸಿನಿಂದ ಪ್ಲಾಸ್ಟಿಕ್ ಕವರು ತೆಗೆದು ಹೆಮ್ಮೆಯಿಂದಲೇ ಕೊಟ್ಟಳು. ಡಾಕ್ಟರ ಚೀಟಿ ಇಲ್ಲದೆ ತಾನು ಏನೂ ನುಂಗಿಲ್ಲ ಎಂಬ ಧೈರ್ಯ ಅವಳದು. ಡಾಕ್ಟರು ಚೀಟಿ ಓದಿ, ತಾರೀಕು ನೋಡಿ, ಮತ್ತೊಮ್ಮೆ ಓದಿದರು.

“ಇದು ಹತ್ತು ದಿನಕ್ಕೆ ಬರೆದದ್ದು.”

“ಹೌದು ಡಾಕ್ಟ್ರೇ. ಅದರಲ್ಲೇ ಗುಣ ಆದದ್ದು.”

“ಊಟ ಮಾಡಿ ತಗೊಳ್ತಿದ್ರಾ? ನೀರು ಕುಡಿತಿದ್ರಾ?”

ಇಮೆಲ್ಡಾ ಸೊಸೆಯ ಮುಖ ನೋಡಿದಳು. ರೀನಾ ಗೋಡೆ ನೋಡುತ್ತಿದ್ದಳು.

ಆಮೇಲೆ ಡಾಕ್ಟರು ಕಾರ್ಲ್ಟನ್ ಮತ್ತು ರೀನಾಳನ್ನು ಹೊರಗೆ ಕರೆದು ಹೇಳಿದರು: “ಈ ಮಾತ್ರೆ ಕೆಟ್ಟದ್ದಲ್ಲ. ಕೆಲವು ದಿನಕ್ಕೆ, ಹೊಟ್ಟೆ ತುಂಬಿದ ಮೇಲೆ, ಡಾಕ್ಟರ ಕಣ್ಣೆದುರು ಇದ್ದರೆ ಒಳ್ಳೆಯ ಮಾತ್ರೆಯೇ. ಬಿಪಿ ಇದ್ದವರು ಇದನ್ನು ವರ್ಷಗಟ್ಟಲೆ ನುಂಗಿದರೆ ಕಿಡ್ನಿ ತಡೆಯುವುದಿಲ್ಲ. ಕಾಲು ಊದಿದಾಗಲೇ ನಿಲ್ಲಿಸಬೇಕಿತ್ತು.”

“ಐದು ವಾರ ಮೊದಲು ತಂದಿದ್ದರೆ?” ರೀನಾ ಕೇಳಿದಳು.

“ಸ್ವಲ್ಪ ಉಳಿಯುತ್ತಿತ್ತೋ ಏನೋ. ಈಗ ಹೇಳಲಿಕ್ಕಾಗುವುದಿಲ್ಲ.”

‘ಏನೋ’ ಎಂಬ ಮಾತನ್ನು ಕಾರ್ಲ್ಟನ್ ಮನೆಗೆ ತಂದು ಅಪ್ಪನಿಗೆ ಹೇಳಲಿಲ್ಲ. ‘ಉಳಿಯುತ್ತಿತ್ತು’ ಎಂದಷ್ಟೇ ಹೇಳಿದ. ಮೌರಿಸ್ ಅಂದಿನಿಂದ ಪೇಪರು ಓದುವುದನ್ನು ಬಿಟ್ಟ. ಕೋಪದಲ್ಲಿ ಆಡಿದ ಅರ್ಧ ಮಾತು ಒಬ್ಬ ಮುದುಕನನ್ನು ಎಷ್ಟು ಬೇಗ ಕುಗ್ಗಿಸುತ್ತದೆಂದು ಮಗನಿಗೆ ಆಗ ಗೊತ್ತಿರಲಿಲ್ಲ.

ಡಯಾಲಿಸಿಸ್ ಶುರುವಾಯಿತು. ಮಳೆಗಾಲದ ಹೊತ್ತಿಗೆ ಕಾರ್ಕಳದ ಸರ್ಕಾರಿ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು, ವಾರಕ್ಕೆ ಮೂರು ದಿನ. ರೀನಾ ಸೀರೆ ಅಂಗಡಿಯ ಕೆಲಸ ಬಿಟ್ಟಳು. ಅತ್ತೆಯ ಕಂಕುಳಿಗೆ ಕೈ ಕೊಟ್ಟು ಬಸ್ಸು ಹತ್ತಿಸಿ, ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋಗುವುದು, ನಾಲ್ಕು ಗಂಟೆ ಹೊರಗೆ ಕಾಯುವುದು, ಮತ್ತೆ ಅದೇ ದಾರಿ. ಗಿಡಗಳನ್ನು ಸರಸಳಿಗೆ ಅರ್ಧ ಪಾಲಿಗೆ ಬಿಟ್ಟಾಯಿತು. ಈಗ ಮನೆಯಲ್ಲಿ ಎಲ್ಲರೂ ಏಳು ಗಂಟೆಗೇ ತಿಂಡಿ ತಿನ್ನುತ್ತಿದ್ದರು. ಯಾರಿಗೂ ಹಸಿವಿರುತ್ತಿರಲಿಲ್ಲ, ಅಷ್ಟೇ.

ಕೇಸರಿ ಮಾತ್ರೆ ನಿಂತ ಮೇಲೆ ಇಮೆಲ್ಡಾಳ ಬೆರಳುಗಳು ಐದು ವರ್ಷದ ನೋವನ್ನು ಒಟ್ಟಿಗೇ ವಸೂಲು ಮಾಡತೊಡಗಿದವು. ಪ್ಯಾರಾಸಿಟಮಾಲ್ ಕೊಡಬಹುದು, ಅದೂ ಲೆಕ್ಕ ಹಾಕಿ ಎಂದಿದ್ದರು. ಅದು ಕಾದ ಕಲ್ಲಿಗೆ ಹನಿ ನೀರು. ಮುಷ್ಟಿ ಬಿಡಿಸಲು ಬರುತ್ತಿರಲಿಲ್ಲ. ಚಮಚ ನಿಲ್ಲುತ್ತಿರಲಿಲ್ಲ. ರೀನಾ ಗಂಜಿ ಉಣ್ಣಿಸುವಾಗ ಅವಳು ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದಳು. ಕೂದಲು ಬಾಚುವಾಗ ಮಾತ್ರ ನಾಚಿಕೆಯಿಂದ ಅತ್ತುಬಿಡುತ್ತಿದ್ದಳು. ಅವಳನ್ನು ಹಿಂದಿನ ಜಗಲಿಯಲ್ಲಿ ಕೂರಿಸಿರಲಿಲ್ಲ, ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದರು. ಅದರಿಂದ ಅವಳಿಗೇನೂ ಸಮಾಧಾನ ಸಿಗಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಅವಳು ಕೇಳಿದಳು: “ರೀನಾ, ಒಂದು ಮಾತ್ರೆ ತಂದು ಕೊಡ್ತಿಯಾ? ಆ ಮಾತ್ರೆ.”

“ಅದರ ಹೆಸರು ಎತ್ತಬೇಡಿ ಮಾಂಯ್.”

“ಕಿಡ್ನಿ ಹೋಗಿ ಆಯ್ತಲ್ಲ. ಇನ್ನು ಹೋಗ್ಲಿಕ್ಕೆ ಎಂತ ಉಂಟು?”

ರೀನಾ ಈ ಪ್ರಶ್ನೆಯನ್ನು ಕಾರ್ಕಳಕ್ಕೆ ಒಯ್ದಳು. ಅಲ್ಲಿನ ಡಾಕ್ಟರು ತಲೆ ಅಲ್ಲಾಡಿಸಿದರು. “ಇವರಿಗೆ ಇನ್ನೂ ದಿನಕ್ಕೆ ಮುನ್ನೂರು ಎಂಎಲ್ ಮೂತ್ರ ಹೋಗ್ತಾ ಉಂಟು. ಅದು ಇರುವಷ್ಟು ದಿನ ಮೈಯಲ್ಲಿ ನೀರು ಕಡಿಮೆ ನಿಲ್ತದೆ, ಉಸಿರಿಗೆ ಕಷ್ಟ ಇಲ್ಲ. ಮಾತ್ರೆ ನುಂಗಿದರೆ ಅದೂ ನಿಲ್ತದೆ. ಹೊಟ್ಟೆಯಲ್ಲಿ ರಕ್ತ ಒಸರಬಹುದು. ಬೇಡ. ದಿನಾ ಅಳೆದು ಪುಸ್ತಕದಲ್ಲಿ ಬರೆದು ತನ್ನಿ.” ರೀನಾ ಗೆರೆ ಇರುವ ಪ್ಲಾಸ್ಟಿಕ್ ಮಗ್ ಮತ್ತು ಒಂದು ನೋಟುಪುಸ್ತಕ ತಂದಳು.

“ಅರ್ಧ ಲೋಟ ಉಚ್ಚೆ ಉಳಿಸಲಿಕ್ಕೆ ನಾನು ದಿನವಿಡೀ ಬೊಬ್ಬೆ ಹೊಡಿಬೇಕಾ?” ಎಂದಳು ಇಮೆಲ್ಡಾ.

“ಡಾಕ್ಟರು ಹೇಳಿದ್ದು ಮಾಂಯ್.”

“ಡಾಕ್ಟರಿಗೆ ಈ ಕೈ ಇಲ್ಲ.”

ಹನ್ನೊಂದು ದಿನ ರೀನಾ ತಡೆದಳು. ಹನ್ನೆರಡನೇ ದಿನ ಅತ್ತೆ ಶಿಲುಬೆಯ ಗುರುತು ಮಾಡಲು ಹಣೆಗೆ ಕೈ ಎತ್ತಲಾಗದೆ, ಮಂಚದಲ್ಲಿ ಒಬ್ಬಳೇ ನರಳುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಚೀಲ ತೆಗೆದುಕೊಂಡು ಹೊರಟಳು. ಮೆಡಿಕಲಿನವನು, “ಮೌರಿಸಬಾ ಕಾಣುದೇ ಇಲ್ಲ ಈಗ. ಇಮೆಲ್ಡಾಬಾಯಿಗೆ ಹುಷಾರುಂಟಾ? ಮೂರು ಸ್ಟ್ರಿಪ್ಪಾ?” ಎಂದು ನಗುತ್ತ ಕೇಳಿದ. ರೀನಾ ಚೀಲದಿಂದ ದುಡ್ಡು ತೆಗೆದಳು. “ಒಂದು ಸಾಕು,” ಎಂದಳು.

ಮೊದಲು ಗಂಜಿ ಉಣ್ಣಿಸಿದಳು, ಆಮೇಲೆ ಕೊಟ್ಟಳು. ಒಂದೂವರೆ ಗಂಟೆಯ ನಂತರ ಇಮೆಲ್ಡಾಳ ಬಲಗೈಯ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಅವಳು ಆ ಕೈಯನ್ನು ಸೊಸೆಯ ತಲೆಯ ಮೇಲಿಟ್ಟು ಸವರಿದಳು. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಇದು ಮೊದಲನೆಯ ಸಲ.

“ನೀನು ಒಳ್ಳೆಯವಳು. ನಾಳೆಗೂ ಒಂದು ಇಡು, ಆಯ್ತಾ?”

ರೀನಾ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಒಂದು ದಿನದ ಮಾತ್ರೆ ದಿನದಿನದ್ದಾಯಿತು. ಕಾರ್ಲ್ಟನ್‌ಗೆ ಗೊತ್ತಾಗಲಿಲ್ಲ. ಮೌರಿಸನಿಗೆ ಗೊತ್ತಾಯಿತು, ಅವನು ಬಾಯಿ ಬಿಡಲಿಲ್ಲ. ಇಮೆಲ್ಡಾ ತಾನೇ ಉಂಡಳು, ತಾನೇ ಬಾಚಿಕೊಂಡಳು, ಮೊಮ್ಮಗಳಿಗೆ ಜಡೆ ಹಾಕಿದಳು. ಮಗ್ಗಿನಲ್ಲಿ ಮುನ್ನೂರು ಇದ್ದದ್ದು ಇನ್ನೂರಾಯಿತು, ನೂರಾಯಿತು, ಪುಸ್ತಕದಲ್ಲಿ ಮಾತ್ರ ಮುನ್ನೂರರ ಹತ್ತಿರವೇ ಉಳಿಯಿತು. ಸೆಪ್ಟೆಂಬರಿನ ಎರಡನೇ ವಾರ ಒಂದು ಬೆಳಗ್ಗೆ ಮಗ್ಗಿನ ತಳ ಮಾತ್ರ ಒದ್ದೆಯಾಗಿತ್ತು. ಬಸ್ಸಿಗೆ ಹೊತ್ತಾಗಿತ್ತು. ರೀನಾ ನೋಟುಪುಸ್ತಕ ತೆರೆದು, ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು. ಇನ್ನೂರ ಎಂಬತ್ತು ಎಂದು ಬರೆದಳು.

ಕಾರ್ಕಳದಲ್ಲಿ ಟೆಕ್ನಿಶಿಯನ್ ತೂಕ ನೋಡಿ ಹುಬ್ಬು ಗಂಟಿಕ್ಕಿದ. “ನಾಲ್ಕು ಕಿಲೋ ಜಾಸ್ತಿ ಉಂಟಲ್ಲ ಅಮ್ಮ! ಮೂತ್ರ ಸರಿ ಹೋಗ್ತದೆ ಅಂತ ಪುಸ್ತಕದಲ್ಲಿ ಉಂಟು. ಹಾಗಾದರೆ ನೀರು ತುಂಬಾ ಕುಡಿದಿದ್ದೀರಿ, ಅಲ್ವಾ?”

ಎರಡು ದಿನದಿಂದ ಮೂರು ಲೋಟಕ್ಕಿಂತ ಹೆಚ್ಚು ನೀರು ಇಮೆಲ್ಡಾಳ ಗಂಟಲಿಗೆ ಇಳಿದಿರಲಿಲ್ಲ. ಅವಳು ಸೊಸೆಯ ಕಡೆ ತಿರುಗಲಿಲ್ಲ.

“ಬಾಯಿ ಒಣಗ್ತದೆ ಮಗಾ,” ಎಂದಳು. “ತಡಿಲಿಕ್ಕಾಗದೆ ಕುಡಿದುಬಿಟ್ಟೆ.”

“ಹಾಗೆಲ್ಲ ಮಾಡಬಾರದು. ನೀವು ನೋಡಿಕೊಳ್ಳಬೇಕು,” ಎಂದ ಅವನು ರೀನಾಳಿಗೆ. “ಇನ್ನು ದಿನಕ್ಕೆ ಒಂದೇ ಲೋಟ ಕೊಡಿ.”

“ಆಯ್ತು,” ಎಂದಳು ರೀನಾ.